ಹಗುರ ಕಾರಿಗೆ ಹೇಳುವ ಸುಧಾರಣೆಯನ್ನು ತೂಗಿ ಹೇಳೋಣ

ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ ನಾನು ನೆಲೆಸಿ ಹದಿನಾರು ವರ್ಷಗಳಾದವು. ಮನೆಗೆ ಅಂಟಿಕೊಂಡಿರುವ ಸಣ್ಣ ಗ್ಯಾರೇಜಿನಲ್ಲಿ ಇಡೀ ಒಂದು ಚಳಿಗಾಲ ಕೂತು ನಾನೇ ಜೋಡಿಸಿದ, ಎರಡೇ ಸೀಟಿನ, ಗಟ್ಟಿ ಬಾಗಿಲೂ ಗಟ್ಟಿ ಮಾಡೂ ಇಲ್ಲದ ಕಾರೊಂದು ನನ್ನಲ್ಲಿದೆ. ಲೋಟಸ್ ಸೆವೆನ್ ಎಂಬ ಹಳೆಯ ಕಾರಿನ ಮಾದರಿಯನ್ನು ಅನುಸರಿಸಿ ಇಲ್ಲಿನ ಹಲವು ತಯಾರಕರು ಇಂಥ ಕಿಟ್‌ಗಳನ್ನು ಮಾಡುತ್ತಾರೆ. ನನ್ನದು ಅಂಥ ಒಬ್ಬ ಸಣ್ಣ ತಯಾರಕರದು, ಪೆಟ್ಟಿಗೆಗಳಲ್ಲಿ ಬಿಡಿಭಾಗಗಳಾಗಿ ಬಂದದ್ದು. ಚಳಿಗಾಲ ಬಲಿತು, ಹಿಮ ಕರಗಲೆಂದು ರಸ್ತೆಗೆ ಲೋಹ ತಿನ್ನುವ ಉಪ್ಪು ಎರಚಲು ಶುರುಮಾಡಿದ ಮೇಲೆ ನಾವು ಯಾರೂ ಕಾರು ಹೊರಗೆ ತೆಗೆಯುವುದಿಲ್ಲ. ಆ ದಿನಗಳಲ್ಲಿ ನಮ್ಮ ಪರಿಚಯದ ಮಾಲೀಕರು ಒಂದೆಡೆ ಸೇರಿ, ಮುಂದಿನ ಕಿಟ್‌ನಲ್ಲಿ ಏನೇನು ಸುಧಾರಿಸಬೇಕೆಂದು ಬರೆದು ತಯಾರಕರಿಗೆ ಕಳುಹಿಸುತ್ತೇವೆ. ಈ ಸಲದ ಸಲಹೆಗಳನ್ನು ಓದಿದ ಮೇಲೆ ನನಗನ್ನಿಸಿದ್ದನ್ನು, ಸಕಲೇಶಪುರದ ಕಾಫಿ ತೋಟದಲ್ಲಿ ಜೀಪುಗಳ ನಡುವೆ ಬೆಳೆದವನಾಗಿ, ಇಲ್ಲಿ ಹೇಳಬೇಕೆನಿಸಿದೆ.

ಸೆವೆನ್ ಅನ್ನು ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್‌ಮನ್ ಅವರು 1957ರಲ್ಲಿ ಹೊರತಂದರು. ಉಕ್ಕಿನ ತೆಳು ಕೊಳವೆಗಳನ್ನು ಬೆಸೆದು ಮಾಡಿದ ಹಂದರ, ಅದಕ್ಕೆ ರಿವೆಟ್ ಹೊಡೆದು ಕೂರಿಸಿದ ಅಲ್ಯೂಮಿನಿಯಂ ತಗಡು, ಮುಂದೊಂದು ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಇಷ್ಟೇ ಆ ಕಾರು. ಪೂರ್ತಿ ಸಿದ್ಧವಾದ ಕಾರಿಗೆ ಆಗ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡು ತಾವೇ ಜೋಡಿಸಿಕೊಂಡವರಿಗೆ ಇರಲಿಲ್ಲ. ಕಿಟ್ ಕಾರು ಇಲ್ಲಿ ಬೇರೂರಿದ್ದು ಹಾಗೆ. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು, ಅದರೊಂದಿಗೆ ಆ ಲಾಭವೂ ಹೋಯಿತು. ಅದೇ ವರ್ಷ ಗ್ರಹಾಂ ನರ್ನ್ ಅವರ ಕೇಟರಂ ಸಂಸ್ಥೆ ಲೋಟಸ್‌ನಿಂದ ಸೆವೆನ್ ತಯಾರಿಸುವ ಹಕ್ಕನ್ನು ಪಡೆಯಿತು. ತೆರಿಗೆಯ ಕಾರಣ ಇಲ್ಲವಾಗಿ ಐವತ್ತು ವರ್ಷ ಕಳೆದರೂ ಜನ ಇವತ್ತಿಗೂ ಕಿಟ್ ಕೊಳ್ಳುತ್ತಾರೆ. ತನ್ನ ಕೈಯಾರೆ ಬಿಗಿದ ಬೋಲ್ಟಿನ ಮೇಲೆ ಹುಟ್ಟುವ ನಂಬಿಕೆಯನ್ನು ಬೇರೆ ಯಾವುದೂ ಕೊಡುವುದಿಲ್ಲ ಎಂಬುದನ್ನು ನಾನೂ ಅನುಭವದಿಂದ ಬಲ್ಲೆ.

ಈ ಕಾರಿನ ಜೀವಾಳ ತೂಕದಲ್ಲಿದೆ. ಕೇಟರಂ 2021ರಲ್ಲಿ ತಂದ ಸೆವೆನ್ 170 ಎಂಬ ಮಾದರಿಯ ತೂಕ 440 ಕಿಲೊ. ಅದರಲ್ಲಿರುವುದು ಸುಜುಕಿಯ 660 ಸಿಸಿಯ ಮೂರು ಸಿಲಿಂಡರಿನ ಟರ್ಬೊ ಎಂಜಿನ್. ನಾವೆಲ್ಲ ಕಂಡು ಬೆಳೆದ ಮಾರುತಿ 800 ಸುಮಾರು 650 ಕಿಲೊ ತೂಗುತ್ತಿತ್ತು ಎಂಬುದನ್ನು ನೆನೆದರೆ, 440 ಎಂದರೆ ಎಷ್ಟು ಕಡಿಮೆಯೆಂದು ತಿಳಿದೀತು. ಇಷ್ಟು ಹಗುರವಾದ ಕಾರಿನಲ್ಲಿ ಹತ್ತು ಕಿಲೊ ಸೇರಿದರೂ ಬ್ರೇಕ್ ಹಿಡಿಯುವಾಗ, ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸುವಾಗ ಕೈಗೆ ಗೊತ್ತಾಗುತ್ತದೆ. ಆದ್ದರಿಂದ ಯಾವ ಮಾಲೀಕರೇ ಸುಧಾರಣೆ ಸೂಚಿಸಲಿ, ಅದರಿಂದ ಎಷ್ಟು ಗ್ರಾಂ ಸೇರುತ್ತದೆ ಅಥವಾ ಇಳಿಯುತ್ತದೆ ಎಂಬುದನ್ನು ಜೊತೆಗೇ ಬರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬರೆಯದಿದ್ದರೆ ಆ ಸಲಹೆ ಪೂರ್ತಿಯಾಗಿಲ್ಲ.

ತೂಕವನ್ನು ಮರೆತು ಸುಧಾರಿಸಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಸೆವೆನ್‌ನ ಚರಿತ್ರೆಯಲ್ಲೇ ಸಾಕ್ಷಿಯಿದೆ. ಲೋಟಸ್ 1970ರಲ್ಲಿ ಅದರ ನಾಲ್ಕನೆಯ ಆವೃತ್ತಿಯನ್ನು ತಂದಿತು. ಫೈಬರ್‌ಗ್ಲಾಸ್‌ನ ಅಗಲವಾದ ಮೈ, ಮೊದಲಿಗಿಂತ ಹೆಚ್ಚು ಜಾಗ, ಹೊಸ ಕಾಲಕ್ಕೆ ಒಪ್ಪುವ ರೂಪ, ಎಲ್ಲವೂ ಅದರಲ್ಲಿತ್ತು. ಕೇಟರಂ ಕೂಡ ಹಕ್ಕು ಪಡೆದ ಮೇಲೆ ಮೊದಲು ಅದನ್ನೇ ಮಾಡಿತು. ಆದರೆ ಬಹುಬೇಗ, 1974ರಲ್ಲೇ, ಅದನ್ನು ಬಿಟ್ಟು ಹಿಂದಿನ ಮೂರನೆಯ ಆವೃತ್ತಿಗೆ ಮರಳಿತು. ಇವತ್ತು ಕೇಟರಂ ಮಾಡುವ ಸೆವೆನ್‌ಗಳೆಲ್ಲ ಆ ಮೂರನೆಯದರ ಸಂತತಿ. ನಾಲ್ಕನೆಯದನ್ನು ಪ್ರೀತಿಸುವವರು ಇಲ್ಲಿ ಈಗಲೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ; ಆದರೂ ಕೊಳ್ಳುವವರು ಹಿಂದಿನ ಇಕ್ಕಟ್ಟಾದ ಕಾರನ್ನೇ ಬಯಸಿದರು ಎಂಬುದನ್ನು ಯಾವ ಸಲಹೆಗಾರನೂ ಮರೆಯಬಾರದು.

ಹಾಗೆಂದು ಬದಲಾವಣೆಯೇ ಕೂಡದೆಂದು ನಾನು ಹೇಳುತ್ತಿಲ್ಲ. ಹಳೆಯ ಸೆವೆನ್‌ಗೆ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಇಡಿಯಾದ ಆಕ್ಸಲ್ ಇತ್ತು. ಗುಂಡಿಗೆ ಚಕ್ರ ಇಳಿದಾಗಲೆಲ್ಲ, ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಭಾರವಾದ ಡಿಫರೆನ್ಷಿಯಲ್ ಕೂಡ ಚಕ್ರದೊಂದಿಗೆ ಏರಿ ಇಳಿಯುತ್ತಿತ್ತು. 1980ರ ದಶಕದಲ್ಲಿ ಕೇಟರಂ ಡಿ ಡಿಯಾನ್ ಎಂಬ ಜೋಡಣೆಯನ್ನು ತಂದು ಡಿಫರೆನ್ಷಿಯಲ್ ಅನ್ನು ಚಾಸಿಗೇ, ಅಂದರೆ ಹಂದರಕ್ಕೇ, ಬಿಗಿಯಿತು, ಚಕ್ರಗಳ ಜೊತೆ ಕುಣಿಯುವ ಭಾರ ಕಡಿಮೆಯಾಯಿತು. ಕಾರಿನ ಸ್ವಭಾವವನ್ನು ಕೆಡಿಸದೆ ಅದರ ಗುಣವನ್ನೇ ಹೆಚ್ಚಿಸಿದ ಸುಧಾರಣೆಯೆಂದರೆ ಇದು. ಮೈಕಟ್ಟು ದೊಡ್ಡದಾಗಿರುವವರಿಗಾಗಿ ಮುಂದೆ 110 ಮಿಲಿಮೀಟರ್ ಅಗಲವಾದ ಚಾಸಿ ಬಂದಾಗಲೂ, ಕಿರಿದಾದದ್ದನ್ನು ನಿಲ್ಲಿಸಲಿಲ್ಲ. ಎರಡನ್ನೂ ಮಾಡುತ್ತ, ಬೇಕಾದವರು ಬೇಕಾದದ್ದನ್ನು ಆರಿಸಿಕೊಳ್ಳಲು ಬಿಟ್ಟರು.

ಈ ಸಲದ ಸಲಹೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅತಿ ಸಣ್ಣದು. ನಮ್ಮ ಕಾರುಗಳಲ್ಲಿ ಇಂಡಿಕೇಟರ್ ಹಾಕಲು ಡ್ಯಾಶ್‌ಬೋರ್ಡಿನ ಮೇಲೊಂದು ಪುಟ್ಟ ಸ್ವಿಚ್ ಇರುತ್ತದೆ. ತಿರುವು ಮುಗಿದ ಮೇಲೆ ಅದು ತಾನಾಗಿ ಆರುವುದಿಲ್ಲ, ಎಂಜಿನ್ನಿನ ಸದ್ದಿನಲ್ಲಿ ಅದರ ಟಿಕ್‌ಟಿಕ್ ಕೇಳಿಸುವುದೂ ಇಲ್ಲ. ಎಡಕ್ಕೆ ಇಂಡಿಕೇಟರ್ ಮಿನುಗಿಸುತ್ತ ಎರಡು ಮೈಲಿ ನೇರವಾಗಿ ಹೋದರೆ, ಪಕ್ಕದ ರಸ್ತೆಯಿಂದ ಹೊರಬರಲು ಕಾದಿರುವವನು ನಾವು ತಿರುಗುತ್ತೇವೆಂದು ನಂಬಿ ಮುಂದೆ ಬಂದುಬಿಡಬಹುದು. ಇದಕ್ಕೆ ಒಬ್ಬ ಮಾಲೀಕರು ಒಂದು ಚಿಕ್ಕ ಬಜ಼ರ್ ಜೋಡಿಸಿ, ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತಂತಿಯೂ ಸೇರಿ ಮೂವತ್ತೊಂದು ಗ್ರಾಂ ಎಂದು ಬರೆದಿದ್ದರು. ಎಲ್ಲಿ ಜೋಡಿಸಬೇಕು, ಯಾವ ಬಣ್ಣದ ತಂತಿಗೆ, ಬೇಡವೆನಿಸಿದರೆ ಹೇಗೆ ಬಿಚ್ಚಬೇಕು ಎಂಬುದನ್ನೂ ಬರೆದಿದ್ದರು. ನನ್ನ ಮಟ್ಟಿಗೆ ಸಲಹೆಯೆಂದರೆ ಹೀಗಿರಬೇಕು.

ಎರಡನೆಯದು ನೀರಿನ ವಿಷಯ. ಇಲ್ಲಿ ತಯಾರಕರು ಮಾಲೀಕರ ಮಾತನ್ನು ಇನ್ನೂ ಹೆಚ್ಚು ಕೇಳಬೇಕು. ಉಕ್ಕಿನ ಕೊಳವೆಗೆ ಪೌಡರ್ ಕೋಟಿಂಗ್, ಅಂದರೆ ಪುಡಿಬಣ್ಣವನ್ನು ಕಾಯಿಸಿ ಅಂಟಿಸಿದ ಲೇಪ, ಮಾಡಿರುತ್ತಾರೆ. ಅದರ ಮೇಲೆ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದಾಗ ತೂತಿನ ಅಂಚಿನಲ್ಲಿ ಕೋಟಿಂಗ್ ಸಿಡಿಯುತ್ತದೆ. ಅಲ್ಲಿ ಉಪ್ಪುನೀರು ಸೇರಿದರೆ ಎರಡು ಬೇರೆಬೇರೆ ಲೋಹಗಳು ಒಂದನ್ನೊಂದು ತಾಗಿಕೊಂಡಿರುವ ಕಾರಣಕ್ಕೇ ಅಲ್ಯೂಮಿನಿಯಂ ಸವೆಯಲು ಆರಂಭವಾಗುತ್ತದೆ. ಐದನೆಯ ವರ್ಷ ನನ್ನ ಕಾರಿನ ಕಾಲಿಡುವ ಜಾಗದ ರಬ್ಬರ್ ಹಾಸನ್ನು ಎತ್ತಿ ನೋಡಿದೆ. ರಿವೆಟ್‌ಗಳ ಸಾಲಿನುದ್ದಕ್ಕೂ ಸುಣ್ಣ ಚೆಲ್ಲಿದಂತೆ ಬಿಳಿ ಪುಡಿ ಎದ್ದಿತ್ತು, ಬೆರಳಿನಿಂದ ಒತ್ತಿದರೆ ತಗಡು ಗುಳ್ಳೆಗುಳ್ಳೆಯಾಗಿ ಕೈಗೆ ಸಿಗುತ್ತಿತ್ತು. ತಗಡು ಕೂರಿಸುವ ಮುನ್ನವೇ ನಡುವೆ ನೀರು ತಡೆಯುವ ಸೀಲಂಟ್ ಎಂಬ ಅಂಟು ಬಳಿದು, ರಿವೆಟ್ಟನ್ನೂ ಅದರಲ್ಲಿ ಅದ್ದಿ ಹೊಡೆದು, ಮೂಲೆಯಲ್ಲಿ ನೀರು ಬಸಿಯಲು ರಬ್ಬರ್ ಬಿರಡೆಯಿರುವ ಒಂದು ತೂತು ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ. ಕೆಲವೇ ನೂರು ಗ್ರಾಂ ಸೀಲಂಟ್‌ಗಾಗಿ ಹಂದರದ ಆಯುಷ್ಯವನ್ನು ಕಳೆಯುವುದು ಸರಿಯಲ್ಲ. ಹೀಗೆ ಬಾಳಿಕೆಗೆ ಸೇರುವ ತೂಕವನ್ನು ಯಾರೂ ಆಕ್ಷೇಪಿಸಬಾರದು.

ಉರುಳಿದಾಗ ತಲೆಯನ್ನು ಕಾಯುವ ರೋಲ್ ಬಾರ್ ಕುರಿತೂ ನನ್ನದು ಇದೇ ನಿಲುವು. ಸೀಟಿನ ಹಿಂದೆ ಗಟ್ಟಿಯಾದ ಅಡ್ಡಪಟ್ಟಿಗಳಿರುವ ಬಾರ್ ಹಾಕಿದರೆ ಕೆಲವು ಕಿಲೊ ಸೇರುತ್ತದೆ. ಬೇಕಿದ್ದರೆ ಸೀಸದ ಬ್ಯಾಟರಿ ತೆಗೆದು ಲಿಥಿಯಂ ಬ್ಯಾಟರಿ ಹಾಕಿ ಅದನ್ನು ಸರಿದೂಗಿಸಿಕೊಳ್ಳಬಹುದು. ಪಕ್ಕದಲ್ಲಿ ಹಾಯುವ ಎಕ್ಸಾಸ್ಟ್ ಕೊಳವೆಗೆ ಜಾಲರಿ ಬೇಕೆಂಬ ಮಾತನ್ನೂ ಒಪ್ಪುತ್ತೇನೆ, ಇಳಿಯುವಾಗ ಮೀನಖಂಡ ಸುಟ್ಟುಕೊಂಡ ಅತಿಥಿಗಳನ್ನು ನಾನು ನೋಡಿದ್ದೇನೆ. ಆದರೆ ಪವರ್ ಸ್ಟೀರಿಂಗ್, ಬೆಚ್ಚಗಿನ ಸೀಟು, ಸಂಗೀತದ ಸ್ಪೀಕರ್‌ಗಳು ಎಂಬ ಬೇಡಿಕೆಗಳನ್ನು ಓದಿದಾಗ ಮನಸ್ಸಿಗೆ ನೋವಾಗುತ್ತದೆ. ಅವೆಲ್ಲ ಇರುವ ಒಳ್ಳೆಯ ಕಾರುಗಳು ಬೇಕಾದಷ್ಟಿವೆ.

ಈಗ ನಮ್ಮೂರಿನ ರೀತಿಗೆ ಬರುತ್ತೇನೆ. ಸಕಲೇಶಪುರದಲ್ಲಿ ನಮ್ಮ ತಂದೆಯವರ ಜೀಪನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯವರ ಕೈಯಲ್ಲಿ ಇದ್ದ ವಿದ್ಯೆ ಇಲ್ಲಿನ ಯಾವ ಎಂಜಿನಿಯರಿಗೂ ಕಡಿಮೆಯದಾಗಿರಲಿಲ್ಲ. ಎಂಜಿನ್ ಓಡುತ್ತಿರುವಾಗ ಸ್ಪ್ಯಾನರ್‌ನ ಒಂದು ತುದಿಯನ್ನು ಅದಕ್ಕಿಟ್ಟು ಇನ್ನೊಂದು ತುದಿಗೆ ಕಿವಿಗೊಟ್ಟು ಯಾವ ಬೇರಿಂಗ್ ಹೋಗಿದೆಯೆಂದು ಹೇಳುತ್ತಿದ್ದರು. ಬಿಸಿಲೆ ಘಾಟಿಯ ಕಡೆಯ ಕೆಸರಿನಲ್ಲಿ ಏರುವುದಕ್ಕೆಂದು ಸ್ಪ್ರಿಂಗ್ ಪಟ್ಟಿಗಳನ್ನು ಬದಲಿಸಿದರು, ಮತ್ತಾವುದೋ ಗಾಡಿಯ ಭಾಗವನ್ನು ಲೇತಿನಲ್ಲಿ ಕಡೆಸಿ ತಂದು ಗೇರ್‌ಬಾಕ್ಸಿಗೆ ಕೂರಿಸಿದರು. ಅದು ಯಾವ ಗಾಡಿಯದು, ಎಷ್ಟು ಕಡೆಸಿದರು ಎಂಬುದು ಎಲ್ಲಿಯೂ ಬರಹದಲ್ಲಿಲ್ಲ. ಅವರು ತೀರಿಕೊಂಡ ಎರಡು ವರ್ಷಕ್ಕೆ ಆ ಭಾಗ ಸವೆದಾಗ, ಹಾಸನದವರೆಗೂ ಹುಡುಕಿದರೂ ಅದಕ್ಕೆ ಹೊಂದುವಂಥದ್ದು ಸಿಗಲಿಲ್ಲ. ಅಂಥ ಜಾಣ್ಮೆ ಒಬ್ಬರ ಕೈಯಲ್ಲಿ ಹುಟ್ಟಿ ಅವರೊಂದಿಗೇ ಮುಗಿದುಹೋಯಿತಲ್ಲ ಎಂಬ ಸಂಕಟ ನನಗೆ ಇಲ್ಲಿಗೆ ಬಂದ ಮೇಲೆ ಇನ್ನೂ ಹೆಚ್ಚಾಗಿ ಅರ್ಥವಾಯಿತು. ಇಲ್ಲಿನವರು ಕೈಕೆಲಸದಲ್ಲಿ ನಮ್ಮವರಿಗಿಂತ ಮೇಲೆಂದು ನಾನು ಎಂದೂ ಒಪ್ಪಲಾರೆ. ಮಾಡಿದ್ದನ್ನು ಅಳೆದು ಬರೆದಿಡುವ ಅಭ್ಯಾಸ ಮಾತ್ರ ಇವರಿಗೆ ಮೊದಲಿನಿಂದ ಬಂದಿದೆ.

ಬರೆದಿಡದೆ ಇರುವುದಕ್ಕೆ ನಮ್ಮ ಕಡೆ ಕಾನೂನೂ ಒಂದು ಕಾರಣವೆಂದು ನನಗನಿಸುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಖಚಿತವಾಗಿ ಹೇಳಿತು. ರಸ್ತೆಯಲ್ಲಿ ಹೋಗುವ ಉಳಿದವರ ಪ್ರಾಣದ ದೃಷ್ಟಿಯಿಂದ ಆ ಕಟ್ಟುನಿಟ್ಟು ಬೇಕೇ ಬೇಕು. ಆದರೆ ಬ್ರಿಟನ್ನಿನಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ದಾರಿಯಿದೆ. ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನು ಕೂಡ ಐವಿಎ ಎಂಬ ಸರ್ಕಾರಿ ಪರೀಕ್ಷೆಗೆ ಒಯ್ದು, ಉತ್ತೀರ್ಣವಾದರೆ ನೋಂದಾಯಿಸಬಹುದು. 2009ರಲ್ಲಿ ಹಿಂದಿನ ಪರೀಕ್ಷೆಯ ಬದಲಿಗೆ ಬಂದ ಇದು ಹಗುರವಾದ ಪರೀಕ್ಷೆಯೇನಲ್ಲ. ಬ್ರೇಕ್, ಸೀಟ್‌ಬೆಲ್ಟ್ ಬಿಗಿದ ಜಾಗ, ಕನ್ನಡಿ, ಹೊಗೆ, ಸದ್ದು ಎಲ್ಲವನ್ನೂ ನೋಡುತ್ತಾರೆ. ದಾರಿಹೋಕರಿಗೆ ತಗಲಬಹುದಾದ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಗಿರಬೇಕು. ನನ್ನ ಕಾರು ಮೊದಲ ಸಲ ಅನುತ್ತೀರ್ಣವಾದದ್ದು ಮುಂದಿನ ಮಡ್‌ಗಾರ್ಡಿನ ಹಿಡಿಕೆಯ ಒಂದು ಚೂಪಾದ ಅಂಚಿನಿಂದ. ಪರೀಕ್ಷಕರು ಅದನ್ನು ಬೆರಳಿಟ್ಟು ತೋರಿಸಿ, ಹಾಳೆಯಲ್ಲಿ ಬರೆದುಕೊಟ್ಟರು; ಅಂಚಿಗೆ ರಬ್ಬರ್ ಪಟ್ಟಿ ಕೂರಿಸಿ ಮತ್ತೆ ಒಯ್ದೆ. ನಮ್ಮ ಮೇಸ್ತ್ರಿಗಳಿಗೂ ಹೀಗೆ ಬೆಳಕಿನಲ್ಲಿ ಕೆಲಸ ತೋರಿಸುವ ಒಂದು ಕಟ್ಟುನಿಟ್ಟಾದ ಬಾಗಿಲು ಕರ್ನಾಟಕದಲ್ಲಿ ತೆರೆಯಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಹಗುರವಾದ ಗಾಡಿ ಕಟ್ಟುವುದು ನಮಗೆ ಹೊಸದೇನಲ್ಲ. ಚೇತನ್ ಮೈನಿ ಅವರ ರೇವಾ 2001ರಲ್ಲಿ ಬೆಂಗಳೂರಿನಿಂದ ಹೊರಬಂತು. ಅದಕ್ಕೂ ಒಳಗೆ ಉಕ್ಕಿನ ಕೊಳವೆಗಳ ಹಂದರವೇ, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಅದು ಓಡುವುದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ. ಇಲ್ಲಿ ಅದು ಕ್ವಾಡ್ರಿಸೈಕಲ್ ಎಂಬ ಬೇರೆ ವರ್ಗದಲ್ಲಿ ನೋಂದಣಿಯಾಗುತ್ತಿತ್ತು. ಕಾರಿನಷ್ಟು ಡಿಕ್ಕಿ ಪರೀಕ್ಷೆ ಆ ವರ್ಗಕ್ಕೆ ಇರಲಿಲ್ಲವೆಂಬ ಟೀಕೆ ಕೇಳಿಬಂತು, ಆ ಟೀಕೆ ನ್ಯಾಯವಾದದ್ದೇ.

ಈ ಸಲ ನಾನು ಕಳುಹಿಸಿದ ಸಲಹೆ ಒಂದೇ. ಮಳೆಗೆ ಟಿಚ್ ಬಟನ್ ಒತ್ತಿ ಕ್ಯಾನ್ವಾಸ್ ಮಾಡು ಹಾಕಿದರೂ, ಗಾಜಿನ ಮೇಲಂಚಿನ ಸಂದಿನಿಂದ ನೀರು ಇಳಿದು ನೇರವಾಗಿ ತೊಡೆಯ ಮೇಲೆ ತೊಟ್ಟಿಕ್ಕುತ್ತದೆ. ಅಂಥದ್ದೇ ಕ್ಯಾನ್ವಾಸ್ ಮಾಡು ಇದ್ದ ನಮ್ಮ ಜೀಪಿಗೆ ಆ ಮೇಸ್ತ್ರಿಯವರು ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಸುರುಳಿ ಮಾಡಿ, ಕ್ಯಾನ್ವಾಸಿನ ಅಂಚಿನ ಮಡಿಕೆಯೊಳಗಿಟ್ಟು ಹೊಲಿಸಿದ್ದರು. ಬಿಗಿದಾಗ ಅದು ಚಪ್ಪಟೆಯಾಗಿ ಸಂದಿನಲ್ಲಿ ಕೂರುತ್ತಿತ್ತು. ಮಲೆನಾಡಿನ ಆಷಾಢದ ಮಳೆಯನ್ನು ತಡೆದ ಆ ಉಪಾಯವನ್ನು ಕಳೆದ ಅಕ್ಟೋಬರಿನಲ್ಲಿ ನನ್ನ ಕಾರಿಗೆ ಮಾಡಿಕೊಂಡೆ, ನವೆಂಬರ್ ಪೂರ್ತಿ ಮಳೆಯಲ್ಲಿ ಓಡಿಸಿ ನೋಡಿದೆ. ಟ್ಯೂಬಿನ ಉದ್ದ, ಹೊಲಿಗೆಯ ಅಂತರ, ನಾಲ್ಕು ಕಡೆಯಿಂದ ತೆಗೆದ ಚಿತ್ರಗಳು, ಒಟ್ಟು ತೂಕ 118 ಗ್ರಾಂ ಎಂಬ ವಿವರ, ಎಲ್ಲವನ್ನೂ ಬರೆದೆ. ಕಾರಿಗೆ ಒಂದು ತೂತನ್ನೂ ಕೊರೆಯಬೇಕಾಗಿಲ್ಲವೆಂದೂ ಸೇರಿಸಿದೆ. ಕೊನೆಯ ಸಾಲಿನಲ್ಲಿ, ಇದು ಕರ್ನಾಟಕದ ಸಕಲೇಶಪುರದ ಜೀಪ್ ಮೇಸ್ತ್ರಿಯೊಬ್ಬರ ಕೆಲಸ ಎಂದು ದಾಖಲಿಸಿದ್ದೇನೆ.