ಸತ್ಯಾಂಶ: ದಪ್ಪ ವೈರ್ ಬೆಸೆಯಲು 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಕೇ?

ಕೊಡಗಿನಲ್ಲಿ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಇನ್ವರ್ಟರ್ ಮತ್ತು ಸೋಲಾರ್ ಬೇಲಿಯ ಬ್ಯಾಟರಿ ವೈರುಗಳ ರಿಪೇರಿ ಶುರುವಾಗುತ್ತದೆ. ಆಗ ವಾಟ್ಸಾಪ್‌ನಲ್ಲಿ ಒಂದು ಸಲಹೆ ಬರುತ್ತದೆ: "25 ವ್ಯಾಟ್ ಐರನ್ ಸಾಕು, ಜಾಸ್ತಿ ಹೊತ್ತು ಹಿಡಿಯಿರಿ."

ಇದು ತಪ್ಪು. ಸಾಮಾನ್ಯ ಸೀಸ-ತವರದ ಸೋಲ್ಡರ್ (ಬೆಸುಗೆ ಲೋಹ) 183ರಿಂದ 190 ಡಿಗ್ರಿಯಲ್ಲಿ ಕರಗುತ್ತದೆ ನಿಜ, ಸಣ್ಣ ಐರನ್ನಿನ ತುದಿ ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಆದರೆ ದಪ್ಪ ತಾಮ್ರ ಆ ಬಿಸಿಯನ್ನು ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಹಂಡೆ ತುಂಬ ನೀರನ್ನು ಮೇಣದಬತ್ತಿಯಲ್ಲಿ ಕಾಯಿಸಲು ಹೊರಟ ಹಾಗೆ. ಕಾದು ಕೂತರೆ ಕೇಬಲ್ಲಿನ ಪ್ಲಾಸ್ಟಿಕ್ ಸುಮ್ನೆ ಕರಗುತ್ತದೆ, ಜೋಡಣೆ ಮಾತ್ರ ಅರೆಬೆಂದೇ ಉಳಿಯುತ್ತದೆ.

ಇಲ್ಲಿ ಬೇಕಾದದ್ದು 100 ವ್ಯಾಟ್ ಅಥವಾ ಹೆಚ್ಚಿನ ಐರನ್, ಅಗಲವಾದ ಉಳಿಯಂಥ ತುದಿ. ಚೂಪು ತುದಿ ಬೇಡ, ತಾಗುವ ಜಾಗವೇ ಕಡಿಮೆ ಅಲ್ವಾ? ದೊಡ್ಡ ಕನೆಕ್ಟರಿಗೆ ಸಣ್ಣ ಗ್ಯಾಸ್ ಟಾರ್ಚ್ ಕೂಡ ಆಗುತ್ತದೆ, ಬ್ಯಾಟರಿಯಿಂದ ದೂರ ಇಟ್ಟುಕೊಂಡು.

ನನ್ನನ್ನು ಕೇಳಿದರೆ, ಇನ್ವರ್ಟರ್ ಕೇಬಲ್ಲಿಗೆ ಸರಿಯಾದ ಉಪಕರಣದಿಂದ ಕ್ರಿಂಪ್ ಮಾಡಿದ, ಅಂದರೆ ಒತ್ತಿ ಬಿಗಿದ ಲಗ್ಗೇ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಮೇಲು. ಸೋಲ್ಡರ್ ಎಳೆಗಳೊಳಗೆ ಏರಿದರೆ ವೈರ್ ಬಿರುಸಾಗಿ, ಅಲುಗಾಡುವ ಕಡೆ ತುಂಡಾಗಬಹುದು. ಸೋಲ್ಡರೇ ಮಾಡುವುದಾದರೆ ರೋಸಿನ್ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಅಂಟಲು ಹಚ್ಚುವ ರಾಳದ ಪೇಸ್ಟ್) ಬಳಸಿ. ಪ್ಲಂಬಿಂಗಿನ ಆಸಿಡ್ ಫ್ಲಕ್ಸ್ ತಾಮ್ರವನ್ನೇ ತಿನ್ನುತ್ತದೆ.