ಹಕ್ಕು ಗ್ರಾಹಕನದು, ಸುತ್ತೋಲೆ ಬ್ಯಾಂಕಿನ ವಿಳಾಸಕ್ಕೆ

ಉಡುಪಿ–ಮಂಗಳೂರಿನವರಿಗೆ ಬ್ಯಾಂಕಿನ ಪಾಠ ಯಾರೂ ಹೇಳಬೇಕಾಗಿಲ್ಲ. 1906ರ ಒಂದೇ ವರ್ಷದಲ್ಲಿ ಎರಡು ಬ್ಯಾಂಕುಗಳನ್ನು ಹುಟ್ಟಿಸಿದ ಊರುಗಳು ಇವು, ದಿನದಿನ ಕಟ್ಟುವ ಪಿಗ್ಮಿ ಠೇವಣಿಯೂ ಇಲ್ಲಿಯದೇ. ಆದರೂ ಖಾತೆಯಿಂದ ಹಣ ಮಾಯವಾದರೆ ಯಾವ ನಿಯಮ ತೋರಿಸಬೇಕೆಂದು ಕೌಂಟರಿನ ಈಚೆ ನಿಂತವರಿಗೆ ಗೊತ್ತಿರುವುದಿಲ್ಲ. ಲಂಡನ್ನಿನಲ್ಲಿ ಕೂತು ನೋಡುವಾಗ ಕೊರತೆ ಇರುವುದು ನಿಯಮದಲ್ಲಲ್ಲ, ಅದನ್ನು ಹೇಳುವ ರೀತಿಯಲ್ಲಿ ಅನಿಸುತ್ತದೆ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದ್ದು ನೋಡಿ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಮೂರನೆಯವರ ಕೈವಾಡ ಎಂದಾದಾಗ, ಬ್ಯಾಂಕಿನ ಸಂದೇಶ ಬಂದು 3 ಕೆಲಸದ ದಿನಗಳೊಳಗೆ ದೂರಿದರೆ ಗ್ರಾಹಕನಿಗೆ ನಷ್ಟವೇ ಇಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯ ಗ್ರಾಹಕನಿಗೆ ನಷ್ಟ ಹೆಚ್ಚೆಂದರೆ 10,000 ರೂಪಾಯಿ. ದೂರಿದ 10 ಕೆಲಸದ ದಿನಗಳಲ್ಲಿ ಮೊತ್ತ ತಾತ್ಕಾಲಿಕವಾಗಿ ಜಮಾ ಆಗಬೇಕು, 90 ದಿನಗಳಲ್ಲಿ ಇತ್ಯರ್ಥ. ತಪ್ಪು ಗ್ರಾಹಕನದೆಂದು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ. ಆದರೆ ಒಟಿಪಿ ಹೇಳಿಬಿಟ್ಟಿದ್ದರೆ ದೂರುವವರೆಗಿನ ನಷ್ಟ ಗ್ರಾಹಕನ ತಲೆಗೆ. ಹೆಚ್ಚಿನವರು ಜಾರುವುದು ಇಲ್ಲೇ.

ಮೋಸಕ್ಕೆ ಬಿದ್ದು ತಾನೇ ಕಳಿಸಿದ ಹಣಕ್ಕೂ ಬ್ರಿಟನ್ ದಾರಿ ಮಾಡಿದೆ. 2024ರ ಅಕ್ಟೋಬರ್ 7ರಿಂದ, ದೇಶದೊಳಗಿನ ಪಾವತಿಗಳಿಗೆ, 85,000 ಪೌಂಡಿನವರೆಗೆ ಮರುಪಾವತಿ. ಹಣ ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಅರ್ಧರ್ಧ ಹೊರಬೇಕು. ಕಳ್ಳನ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ಬಿಸಿ ಮುಟ್ಟುವ ಏರ್ಪಾಡು ಇದು.

ಅಲ್ಲಿನ ಹಣಕಾಸು ನಿಯಂತ್ರಕರ ನೀತಿ ಹೇಳಿಕೆಯ ಸ್ವರೂಪವೂ ಬೇರೆ. ‘ಗ್ರಾಹಕ ಕರ್ತವ್ಯ’ದ (ಗ್ರಾಹಕನಿಗೆ ಒಳಿತಾಗುವಂತೆ ಸಂಸ್ಥೆಗಳು ನಡೆದುಕೊಳ್ಳಬೇಕೆಂಬ) ನಿಯಮಕ್ಕೆ 2021ರಲ್ಲಿ ಎರಡು ಬಾರಿ ಅಭಿಪ್ರಾಯ ಕೇಳಿ, 2022ರ ಜುಲೈಯಲ್ಲಿ ಅಂತಿಮ ಹೇಳಿಕೆ ಹೊರಡಿಸಿದರು. ಬಂದ ಆಕ್ಷೇಪಗಳೇನು, ಯಾವುದನ್ನು ಒಪ್ಪಿದರು, ಯಾವುದನ್ನು ಏಕೆ ಬಿಟ್ಟರು ಎಲ್ಲವೂ ಅದರಲ್ಲಿದೆ. ನೂರು ಪುಟ ದಾಟುವ ಅದನ್ನು ಓದಿ ಮುಗಿಸುವ ತಾಳ್ಮೆ ಯಾರಿಗಿದೆಯೋ, ಅದು ಬೇರೆ ಮಾತು! ಆದರೂ ದೂರುದಾರನಿಗೆ ನಿಯಮದ ಜತೆ ಅದರ ಕಾರಣವೂ ಕೈಗೆ ಸಿಗುತ್ತದೆ. ರಿಸರ್ವ್ ಬ್ಯಾಂಕೂ 2025ರ ಮೇಯಿಂದ ನಿಯಮಗಳ ಕರಡಿನ ಮೇಲೆ ಕನಿಷ್ಠ 21 ದಿನ ಅಭಿಪ್ರಾಯ ಕೇಳುವ ಚೌಕಟ್ಟು ಮಾಡಿಕೊಂಡಿದೆ. ಕರಡು ಕನ್ನಡದಲ್ಲೂ ಬಂದರೆ ಕಾರ್ಕಳದ ಅಂಗಡಿಯವರೂ ನಾಲ್ಕು ಮಾತು ಬರೆದಾರು.

ಒಂದರಲ್ಲಿ ನಮ್ಮದೇ ಮೇಲು. ಎಟಿಎಮ್ಮಿನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದರೆ ವಹಿವಾಟಿನ ದಿನ ಬಿಟ್ಟು 5 ದಿನಗಳಲ್ಲಿ ಮರಳಬೇಕು. ತಡವಾದ ಪ್ರತಿ ದಿನಕ್ಕೂ 100 ರೂಪಾಯಿಯನ್ನು ಕೇಳದೆಯೇ ಕೊಡಬೇಕು ಎಂದು 2019ರ ಸುತ್ತೋಲೆ ಹೇಳುತ್ತದೆ.

ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ದೂರು ಬಿದ್ದುಹೋಗುವುದು ಸಣ್ಣ ಕಾರಣಗಳಿಗೆ. ಒಂಬುಡ್ಸ್‌ಮನ್ ಯೋಜನೆಯಂತೆ ಮೊದಲು ಬ್ಯಾಂಕಿಗೆ ಬರೆದು ಉತ್ತರಕ್ಕೆ 30 ದಿನ ಕಾಯಬೇಕು. ಬ್ಯಾಂಕಿಗೆ ಬರೆದ ಮಿಂಚಂಚೆಯ ಪ್ರತಿಯನ್ನು ಒಂಬುಡ್ಸ್‌ಮನ್‌ಗೂ ಹಾಕಿದರೆ ಅದು ದೂರೆನಿಸುವುದಿಲ್ಲ. ವಕೀಲರ ಮೂಲಕವೂ ಕೊಡುವಂತಿಲ್ಲ. ಕರಾವಳಿಯವರಿಗೆ ಇನ್ನೊಂದು ತೊಡಕಿದೆ: ಪಿಗ್ಮಿ ಕಟ್ಟಿದ್ದು ಪತ್ತಿನ ಸಹಕಾರ ಸಂಘಕ್ಕಾದರೆ, ಫಲಕ ಎಷ್ಟೇ ದೊಡ್ಡದಿರಲಿ, ಅದು ಬ್ಯಾಂಕಲ್ಲ. ಆ ದೂರು ಸಾಮಾನ್ಯವಾಗಿ ಒಯ್ಯಬೇಕಾದದ್ದು ರಾಜ್ಯದ ಸಹಕಾರ ಇಲಾಖೆಗೆ.