ಖಾಲಿ ಹೊಟ್ಟೆಯಲ್ಲಿ ಬನ್ನಿ

ಹೋದ ತಿಂಗಳು ನಮ್ಮ ಹೋಬಳಿಯಲ್ಲಿ ಬೃಹತ್ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆಯಿತು. ಬೃಹತ್ ಅಂದರೆ ಫ್ಲೆಕ್ಸು ಬೃಹತ್. ಹೈಸ್ಕೂಲಿನ ಕಾಂಪೌಂಡಿನಷ್ಟೇ ಉದ್ದ. ಅದರಲ್ಲಿ 41 ಮುಖಗಳಿದ್ದವು, ನಿಂತು ಎಣಿಸಿದ್ದೇನೆ. ಅದರಲ್ಲಿ ಡಾಕ್ಟರದ್ದು ಎರಡು. ಮಿಕ್ಕವರೆಲ್ಲ ಕೈಮುಗಿದು ನಗುತ್ತಿದ್ದರು, ಒಬ್ಬರಿಗೂ ಕಾಯಿಲೆ ಇದ್ದ ಹಾಗೆ ಕಾಣಲಿಲ್ಲ. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಶುಗರ್ ಪರೀಕ್ಷೆಗೆ ಬರುವವರು ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು.

ನಾನು ಅಲ್ಲಿ ಸ್ವಯಂಸೇವಕ. ಟೀ ಶರ್ಟ್ ಕೊಟ್ಟರು, ಕೊರಳಿಗೆ ಬ್ಯಾಡ್ಜ್ ಹಾಕಿದರು. ಸೇವೆ ಮಾಡೋಣ ಅಂತ ಹುರುಪಿನಿಂದ ಹೋದರೆ ಸಿಕ್ಕ ಕೆಲಸ ಶಾಲು ಮಡಿಸುವುದು. ವೇದಿಕೆಗೆ 22 ಶಾಲು, 22 ಪೇಟ, 22 ಹಣ್ಣಿನ ಬುಟ್ಟಿ. ಬಿಪಿ ನೋಡುವ ಮೆಷಿನ್ನು ಮಾತ್ರ ಎರಡು. ಅದರಲ್ಲೂ ಒಂದಕ್ಕೆ ಸೆಲ್ ಇರಲಿಲ್ಲ.

ಬೆಳಿಗ್ಗೆ ಏಳಕ್ಕೇ ಜನ ಬಂದು ಕೂತಿದ್ದರು. ಹೆಚ್ಚಿನವರು ಅರವತ್ತು ದಾಟಿದವರು. ಎಲ್ಲರದ್ದೂ ಖಾಲಿ ಹೊಟ್ಟೆ. ಮುಖ್ಯ ಅತಿಥಿಗಳು ಬಂದಾಗ ಹನ್ನೊಂದು ಕಾಲು. ಅವರು ತಿಂಡಿ ಮುಗಿಸಿಕೊಂಡೇ ಬಂದಿದ್ದರು, ಪಾಪ, ಅವರಿಗೆ ಶುಗರ್ ಪರೀಕ್ಷೆ ಇರಲಿಲ್ಲವಲ್ಲ. ದೀಪ ಆರಬಾರದು ಅಂತ ಫ್ಯಾನು ಆಫ್ ಮಾಡಿಸಿದರು. ಸ್ವಾಗತ, ಪ್ರಾಸ್ತಾವಿಕ ನುಡಿ, ‘ಆರೋಗ್ಯವೇ ಭಾಗ್ಯ’ ಎಂಬ ವಿಷಯದ ಮೇಲೆ ಆರು ಭಾಷಣ. ನಾಲ್ಕನೇ ಭಾಷಣದ ಹೊತ್ತಿಗೆ ಮುಂದಿನ ಸಾಲಿನ ಒಂದು ಅಜ್ಜಿ ಕುರ್ಚಿಯಿಂದ ಜಾರಿದರು. ಭಾಷಣಕಾರರು ಮೈಕಿನಲ್ಲೇ, ‘ನೋಡಿ, ಇದಕ್ಕೇ ಇಂಥ ಶಿಬಿರ ಬೇಕು ಅನ್ನೋದು’ ಅಂದರು. ಚಪ್ಪಾಳೆ ಬಿತ್ತು.

ಅಜ್ಜಿಗೆ ಉಪ್ಪಿಟ್ಟು ಕೊಟ್ಟರು. ಅದನ್ನು ನೋಡಿ ಮಿಕ್ಕವರಿಗೂ ಕೊಡಬೇಕಾಯಿತು. ಕೇಸರಿಬಾತೂ ಇತ್ತು. ಆಮೇಲೆ ಎಲ್ಲರ ಬೆರಳು ಚುಚ್ಚಿ ಶುಗರ್ ನೋಡಿ, ಚೀಟಿಯಲ್ಲಿ ‘ಖಾಲಿ ಹೊಟ್ಟೆ’ ಅಂತಲೇ ಬರೆದರು. ಚೀಟಿ ಮೊದಲೇ ಪ್ರಿಂಟ್ ಆಗಿತ್ತು, ಏನು ಮಾಡೋದು. ಅವತ್ತು ನಮ್ಮ ಹೋಬಳಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದವರು ಸಿಗುವುದೇ ಕಷ್ಟವಾಯಿತು.

ಉದ್ಘಾಟನೆ ಅಂದರೆ ಅತಿಥಿಗಳ ಬಿಪಿ ನೋಡುವುದು. ಹಾರ ಹಾಕಿಕೊಂಡೇ ತೋಳು ಚಾಚಿದರು. ಡಾಕ್ಟರು ಸ್ಟೆತೊಸ್ಕೋಪನ್ನು ಕಿವಿಗೆ ಹಾಕುವುದನ್ನೇ ಮರೆತಿದ್ದರು. ಫೋಟೋದಲ್ಲಿ ಅದು ಚೆನ್ನಾಗೇ ಬಂದಿದೆ.

ಹಿಂದೆಯೂ ಶಿಬಿರ ಮಾಡುತ್ತಿದ್ದರು. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಪುಕ್ಕಟೆ ಕಣ್ಣಿನ ಆಪರೇಷನ್ ಮಾಡಿದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ತೆಗೆದದ್ದು ಗಿನ್ನೆಸ್ ಪುಸ್ತಕಕ್ಕೂ ಹೋಯಿತು. ಜನ ಅವರನ್ನು ‘ಕಣ್ಣು ಕೊಟ್ಟ ಅಣ್ಣ’ ಅಂತ ಕರೆದರು. ಈಗ ಹಾಗೆ ಶಾಲೆ, ಛತ್ರಗಳಲ್ಲಿ ಕಣ್ಣು ಕೊಯ್ದರೆ ಸೋಂಕಿನ ಭಯ, ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು. ಅದು ಸರಿಯೇ. ಅಂದಹಾಗೆ, ಆ 833ನ್ನು ಸರಿಗಟ್ಟಿದವರು ಒಬ್ಬರು ನಮ್ಮ ಶಿಬಿರದಲ್ಲೂ ಇದ್ದರು. ಫೋಟೋಗ್ರಾಫರ್.

ಡಾಕ್ಟರಿಗಿಂತ ಶ್ರದ್ಧೆಯಿಂದ ಕೆಲಸ ಮಾಡಿದವರು ಇನ್ನೊಬ್ಬರು, ಪ್ರಾಯೋಜಕ ಆಸ್ಪತ್ರೆಯಿಂದ ಬಂದಿದ್ದ ಟೈ ಕಟ್ಟಿದ ಹುಡುಗ. ಬಂದವರ ಹೆಸರು, ವಯಸ್ಸು, ಫೋನ್ ನಂಬರು, ಮಗ ಬೆಂಗಳೂರಲ್ಲಿ ಏನು ಕೆಲಸದಲ್ಲಿದ್ದಾನೆ, ಇನ್ಶೂರೆನ್ಸ್ ಇದೆಯಾ, ಎಲ್ಲ ಬರೆದುಕೊಂಡ. ಇಸಿಜಿ ತೆಗೆಸಿದವರಿಗೆಲ್ಲ ‘ಸ್ವಲ್ಪ ವ್ಯತ್ಯಾಸ’ ಬಂತು. ವಾರ ಕಳೆದ ಮೇಲೆ ನಮ್ಮ ಮನೆಗೂ ಫೋನು ಬಂತು: ‘ಸಾರ್, ನಿಮ್ಮ ತಾಯಿಯವರಿಗೆ ಆಂಜಿಯೋಗ್ರಾಮ್ ಮೇಲೆ ಆಫರ್ ಇದೆ, ಈ ತಿಂಗಳ ಕೊನೆವರೆಗೆ ಮಾತ್ರ.’ ಆಷಾಢದ ಸೀರೆ ಸೇಲ್ ಕೂಡ ಇಷ್ಟು ವಿನಯದಿಂದ ಕರೆಯಲ್ಲ.

ಔಷಧಿಯೂ ಉಚಿತ. ಬಿಪಿ ಇದ್ದವರಿಗೆ ಐದು ಮಾತ್ರೆ, ಮಂಡಿನೋವಿಗೆ ಐದು ಮಾತ್ರೆ, ಏನೂ ಇಲ್ಲದವರಿಗೆ ಬೇಜಾರಾಗದಿರಲಿ ಅಂತ ಐದು ಬಿ ಕಾಂಪ್ಲೆಕ್ಸ್. ಬಿಪಿ ಸಾಯುವ ತನಕ ಇರುತ್ತೆ, ಮಾತ್ರೆ ಐದು ದಿನ ಇರುತ್ತೆ. ಆರನೇ ದಿನದ ಹೊತ್ತಿಗೆ ಎಲ್ಲರ ಫೋಟೋ ವಾಟ್ಸಪ್ಪಿನಲ್ಲಿ ಬಂದಿತ್ತು.

ಇಷ್ಟೆಲ್ಲ ಜನರನ್ನು ಕರೆತಂದವರು ಯಾರು? ನಮ್ಮೂರ ಆಶಾ ಅಕ್ಕ. ಮೂರು ದಿನ ಮನೆ ಮನೆ ಸುತ್ತಿದ್ದರು. ಗುಲಾಬಿ ಸೀರೆ, ಕಂಕುಳಲ್ಲಿ ರಿಜಿಸ್ಟರು. ಫ್ಲೆಕ್ಸಿನ 41 ಮುಖಗಳಲ್ಲಿ ಅವರದ್ದಿಲ್ಲ. ಕುರ್ಚಿಯೂ ಸಿಗಲಿಲ್ಲ. ಸಂಘಟಕರು ಅವರನ್ನು ಒಂದೇ ಸಲ ಮಾತಾಡಿಸಿದ್ದು: ‘ಏನಮ್ಮಾ ಆಶಾ, ಇನ್ನೊಂದು ಐವತ್ತು ಜನಾನ ಕಳ್ಸಮ್ಮ, ಫೋಟೋದಲ್ಲಿ ಹಿಂದ್ಗಡೆ ಖಾಲಿ ಕಾಣ್ತಿದೆ.’

ತಮಾಷೆ ಗೊತ್ತಾ? ಸರ್ಕಾರದ ಲೆಕ್ಕದಲ್ಲಿ ಈ ಅಕ್ಕನೂ ನೌಕರಳಲ್ಲ, ಸ್ವಯಂಸೇವಕಿಯೇ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗಲೇ ಹಾಗೆ ಬರೆದಿಟ್ಟರು. ಸಂಬಳ ಅನ್ನಬಾರದು, ಗೌರವಧನ ಅನ್ನಬೇಕು. ಗೌರವಕ್ಕೇನೂ ಕಡಿಮೆ ಇಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರಿಗೆಲ್ಲ ಸೇರಿಸಿ ಪ್ರಶಸ್ತಿ ಕೊಟ್ಟಿತು. ಧನದ ಭಾಗಕ್ಕೆ ಮಾತ್ರ 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಯೆಲ್ಲ ಮಲಗಬೇಕಾಯಿತು. ಆಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡುವ ಭರವಸೆ ಸಿಕ್ಕಿತು. ನಾನೂ ಸ್ವಯಂಸೇವಕ, ಅವರೂ ಸ್ವಯಂಸೇವಕಿ. ಅರ್ಧ ದಿನ ಶಾಲು ಮಡಿಸಿದ ನನಗೆ ಟೀ ಶರ್ಟ್, ಬಿರಿಯಾನಿ, ಚೌಕಟ್ಟು ಹಾಕಿಸಿದ ಪ್ರಮಾಣಪತ್ರ.

ಸಂಜೆ ಪೆಂಡಾಲ್ ಬಿಚ್ಚುವಾಗ ಅವರೊಬ್ಬರೇ ನೆಲದ ಮೇಲೆ ಬಿದ್ದ ಚೀಟಿಗಳನ್ನು ಆಯ್ದು, ಹೆಸರು ನೋಡಿ ನೋಡಿ ರಿಜಿಸ್ಟರಿಗೆ ಏರಿಸುತ್ತಿದ್ದರು.

‘ಅಣ್ಣ, ನಿಮ್ದು ನೋಡಿಸ್ಕೊಂಡ್ರಾ?’

ಇಲ್ಲ ಅಂದೆ. ಸೆಲ್ ಇದ್ದ ಮೆಷಿನ್ನನ್ನು ನನ್ನ ತೋಳಿಗೆ ಸುತ್ತಿದರು. 160, 100.

‘ಇನ್ನೊಂದ್ಸಲ ನೋಡ್ಬೇಕು. ಸೋಮವಾರ ಪಿಎಚ್‌ಸಿಗೆ ಬನ್ನಿ. ಡಾಕ್ಟ್ರು ಬರೆದ್ರೆ ತಿಂಗಳ ಮಾತ್ರೆ ಅಲ್ಲೇ ಕೊಡ್ತಾರೆ, ದುಡ್ಡಿಲ್ಲ’ ಅಂದರು. ಆಮೇಲೆ ನನ್ನ ಟೀ ಶರ್ಟ್ ನೋಡಿ, ‘ಇದನ್ನ ಹಾಕ್ಕೊಂಡು ಬರ್ಬೇಡಿ, ಕ್ಯೂನಲ್ಲಿ ಯಾರೂ ಜಾಗ ಬಿಡಲ್ಲ’ ಅಂದರು.